ಏರ್ ಪ್ಯೂರಿಫೈಯರ್‌ಗೂ ಶೇ.18 ಜಿಎಸ್‌ಟಿ: ದೆಹಲಿ ತೆರಿಗೆದಾರನ ಹಣ ಹೋಗಿದ್ದೆಲ್ಲಿ?

ನವದೆಹಲಿ: ಶುದ್ಧ ಗಾಳಿ ಕೊಡಲು ಆಗದಿದ್ದರೆ ಏರ್ ಪ್ಯೂರಿಫೈಯರ್ ಮೇಲಿನ ತೆರಿಗೆಯನ್ನಾದರೂ ಇಳಿಸಬಾರದೇ? 2025ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಕೇಂದ್ರವನ್ನು ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. ಪ್ಯೂರಿಫೈಯರನ್ನು ವೈದ್ಯಕೀಯ ಸಾಧನವೆಂದು ಪರಿಗಣಿಸಿ ಜಿಎಸ್‌ಟಿಯನ್ನು ಶೇ.18ರಿಂದ ಶೇ.5ಕ್ಕೆ ಇಳಿಸಬೇಕೆಂಬ ಪಿಐಎಲ್ ವಿಚಾರಣೆ ಅದು. ದರ ನಿರ್ಧಾರ ಜಿಎಸ್‌ಟಿ ಮಂಡಳಿಗೆ ಬಿಟ್ಟದ್ದು ಎಂದು ಕೇಂದ್ರ ಅರ್ಜಿಯನ್ನು ವಿರೋಧಿಸಿತು.

10,000 ರೂ. ಮೂಲ ಬೆಲೆಯ ಯಂತ್ರಕ್ಕೆ ಶೇ.18ರಂತೆ 1,800 ರೂ. ತೆರಿಗೆ, ಶೇ.5 ಆದರೆ 500 ರೂ. ಆದರೆ ನೊಯ್ಡಾ, ಗುರುಗ್ರಾಮದ ಸಂಬಳದಾರರ ಸಿಟ್ಟಿಗೆ ಈ 1,300 ರೂ. ಒಂದೇ ಕಾರಣವಲ್ಲ. ಗಾಳಿ ಶುದ್ಧಿಗೆಂದೇ ಅವರ ತೆರಿಗೆ ಹಣ ಈಗಾಗಲೇ ಖರ್ಚಾಗಿದೆ.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಹಣದಲ್ಲಿ ಶೇ.64ರಷ್ಟು ರಸ್ತೆ ಧೂಳಿನ ನಿಯಂತ್ರಣಕ್ಕೇ ಹೋಗಿದೆ ಎಂದು ದೆಹಲಿಯ ಸಂಶೋಧನಾ ಸಂಸ್ಥೆ ಸಿಎಸ್‌ಇ 2024ರಲ್ಲಿ ಲೆಕ್ಕ ಕೊಟ್ಟಿತ್ತು. ಕೈಗಾರಿಕೆಗಳ ಮಾಲಿನ್ಯ ತಡೆಗೆ ಸಿಕ್ಕಿದ್ದು ಶೇ.1ಕ್ಕಿಂತ ಕಡಿಮೆ. ಹೀಗಾಗಲು ಕಾರಣವಿದೆ: ನಗರಗಳ ಸಾಧನೆಯನ್ನು ಅಳೆಯುವುದು ಪಿಎಂ 10 ಎಂಬ ದಪ್ಪ ಕಣಗಳ ಮೇಲೆ. ರಸ್ತೆ ಗುಡಿಸಿ ನೀರು ಚಿಮುಕಿಸಿದರೆ ಆ ಅಂಕಿ ಇಳಿಯುತ್ತದೆ. ಶ್ವಾಸಕೋಶದ ಆಳಕ್ಕಿಳಿಯುವ ಪಿಎಂ 2.5 ಕಣಗಳು ಹೆಚ್ಚಾಗಿ ವಾಹನ, ಕಾರ್ಖಾನೆ, ಕೂಳೆ ಸುಡುವ ಹೊಗೆಯಿಂದ ಬರುವಂಥವು. ನೀರಿನ ಟ್ಯಾಂಕರ್‌ಗೆ ಬಗ್ಗುವುದಿಲ್ಲ. ಅದಕ್ಕೇ ಮನೆಯಲ್ಲೊಂದು ಯಂತ್ರ, ಆಗಾಗ ಹೊಸ ಫಿಲ್ಟರ್, ಎಲ್ಲವೂ ಸ್ವಂತ ಖರ್ಚಿನಲ್ಲಿ.

ಜಿಎಸ್‌ಟಿ ಶೇ.5ಕ್ಕೆ ಇಳಿದರೂ, ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಾತ್ರಿಯಿಡೀ ನಿಲ್ಲುವ ಸೆಕ್ಯೂರಿಟಿ ಗಾರ್ಡ್‌ಗೆ ಅದರಿಂದ ಏನೂ ಸಿಗದು. ಪ್ರತಿ ಖರೀದಿಯಲ್ಲೂ ತೆರಿಗೆ ಕಟ್ಟುವವರಲ್ಲಿ ಆತನೂ ಒಬ್ಬ.