ಹಿರಿಯರ ಆರೈಕೆಗೆ ಹೊಸದಾಗಿ ಸೇರಿದವರ ತಿಂಗಳ ಕೂಟಕ್ಕೆ ಮನ್ನಣೆ ಕೋರಿ ಮನವಿ ಪತ್ರ

ಇವರಿಗೆ:
ಮಾನ್ಯ ಜಿಲ್ಲಾಧಿಕಾರಿಗಳು,
ಈರೋಡು ಜಿಲ್ಲೆ

ಇವರಿಂದ:
ತಾಳವಾಡಿ ತಾಲ್ಲೂಕಿನ ಊರುಗಳಲ್ಲಿ ವಯಸ್ಸಾದವರ ಆರೈಕೆಗೆ ಸೇರಿ ಐದು ವರ್ಷ ತುಂಬದ ನರ್ಸುಗಳು, ಫಿಸಿಯೋಥೆರಪಿಯವರು, ಆರೋಗ್ಯ ಸ್ವಯಂಸೇವಕಿಯರು ಮತ್ತು ಮನೆ ಆರೈಕೆಯವರು

ವಿಷಯ: ಎರಡನೆಯ ಬುಧವಾರದ ಕೂಟವನ್ನು ಕರ್ತವ್ಯವೆಂದು ಪರಿಗಣಿಸಿ, ಕಡಿತವಾದ ಒಂದು ದಿನದ ಸಂಬಳವನ್ನು ವಾಪಸು ಕೊಡಿಸುವ ಬಗ್ಗೆ.

ಮಾನ್ಯರೇ,

ಈ ಮನವಿಯನ್ನು ಕನ್ನಡದಲ್ಲಿ ಬರೆದಿದ್ದೇವೆ. ಸಂವಿಧಾನದ 350ನೆಯ ವಿಧಿಯನ್ನು ತಮಗೆ ನಾವು ಹೇಳಿಕೊಡಬೇಕಾಗಿಲ್ಲ. ಆದರೂ ತಮಿಳು ಪ್ರತಿಯೊಂದನ್ನು ಜೊತೆಗಿಟ್ಟಿದ್ದೇವೆ. ಹಿಂದೆ ಎರಡು ಸಲ ಬೇರೊಂದು ಕಛೇರಿಗೆ ಮನವಿ ಕೊಟ್ಟಿದ್ದೆವು. ಭಾಷೆ ತಿಳಿಯಲಿಲ್ಲ ಎಂಬ ಉತ್ತರವಾದರೂ ಬಂದೀತೆಂದು ಕಾದೆವು, ಅದೂ ಬರಲಿಲ್ಲ. ಆ ಕಛೇರಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಲಗತ್ತಿಸಿರುವ ಸ್ವೀಕೃತಿ ಚೀಟಿಗಳ ಮೇಲಿನ ಮುದ್ರೆ ಚೆನ್ನಾಗಿಯೇ ಮೂಡಿದೆ.

ನಡೆದದ್ದು ಇಷ್ಟು. ತಿಂಗಳ ಎರಡನೆಯ ಬುಧವಾರ, ಬೆಳಗಿನ ಮನೆಭೇಟಿ ಮುಗಿಸಿಕೊಂಡು, ಮಧ್ಯಾಹ್ನ ಎರಡರಿಂದ ಐದರವರೆಗೆ ನಾವು ದೊಡ್ಡಗಾಜನೂರಿನ ಒಂದು ಜಗಲಿಯಲ್ಲಿ ಸೇರುತ್ತಿದ್ದೆವು. ಬಾಡಿಗೆಯಿಲ್ಲ, ಬ್ಯಾನರಿಲ್ಲ, ಟೀ ಕಾಸೂ ನಮ್ಮದೇ. ಐದನೆಯ ಕೂಟದ ಮರುವಾರ ನಮ್ಮಲ್ಲಿ ಇಬ್ಬರಿಗೆ ಮೆಮೊ ಬಂತು: ಅನುಮತಿಯಿಲ್ಲದೆ ಗುಂಪುಗೂಡಿದ್ದೀರಿ, ಆ ದಿನ ಗೈರುಹಾಜರಿ, ಸಂಬಳ ಕಡಿತ. ಅರ್ಧ ದಿನದ್ದಲ್ಲ, ಇಡೀ ದಿನದ್ದು. ಅದೇ ದಿನ ಬೆಳಿಗ್ಗೆ ಅವರಿಬ್ಬರೂ ಹೋಗಿದ್ದ ಮನೆಗಳ ಭೇಟಿ ಪುಸ್ತಕದ ನಕಲು, ಬಿ.ಪಿ., ಸಕ್ಕರೆ ನೋಡಿ ಬರೆದ ಹಾಳೆಗಳು, ಗಂಟೆ ನಮೂದಾದ ಫೋಟೊಗಳು, ಬಸ್ ಟಿಕೇಟು, ಮನೆಯವರು ಹೆಬ್ಬೆಟ್ಟು ಒತ್ತಿ ಕೊಟ್ಟ ಹೇಳಿಕೆಗಳು, ಐದೂ ಕೂಟಗಳ ನಡಾವಳಿ ಪುಸ್ತಕ, ಎರಡು ಮೆಮೊಗಳು, ಅವುಗಳಿಗೆ ನಾವು ಕೊಟ್ಟ ಉತ್ತರ, ಎಲ್ಲವನ್ನೂ ಅಡಕ 1ರಿಂದ 9ರವರೆಗೆ ಪುಟ ಸಂಖ್ಯೆ ಹಾಕಿ ಹೊಲಿದು ಕೊಟ್ಟಿದ್ದೇವೆ. ಗೈರುಹಾಜರಾದವರು ಆ ಅಜ್ಜಿಯರ ಬಿ.ಪಿ.ಯನ್ನು ಎಲ್ಲಿ ಕೂತು ನೋಡಿದರೆಂದು ಮೆಮೊ ಬರೆದವರನ್ನು ತಾವೇ ದಯಮಾಡಿ ಕೇಳಬೇಕು.

ಕೂಟದಲ್ಲಿ ಏನು ಮಾಡುತ್ತೀರಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕೆಲಸ ಒಬ್ಬೊಬ್ಬರೇ ಮಾಡುವಂಥದ್ದು. ಬ್ಯಾಗು ಹೊತ್ತು ತಲಮಲೆಗೋ ಗೇರ್ಮಾಳಕ್ಕೋ ಹೋದವಳು, ಮಕ್ಕಳೆಲ್ಲ ತಿರುಪ್ಪೂರು, ಬೆಂಗಳೂರು ಸೇರಿದ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರ ಮುಂದೆ ಒಬ್ಬಳೇ ನಿಲ್ಲುತ್ತಾಳೆ. ಕೇಳಲು ಹಿರಿಯ ನರ್ಸಿಲ್ಲ, ಎಷ್ಟೋ ಕಡೆ ಫೋನಿಗೆ ಸಿಗ್ನಲ್ಲೂ ಇಲ್ಲ. ಹೊಸದಾಗಿ ಸೇರಿದ ಒಬ್ಬಳು, ಬೆನ್ನ ಕೆಳಗೆ ಚರ್ಮ ಕೆಂಪಾದ ತಾತನಿಗೆ ಒಳ್ಳೆಯದಾಗಲೆಂದು ದಿನಾ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಕೆಂಪಾದ ಜಾಗವನ್ನು ತಿಕ್ಕಿದರೆ ಒಳಗಿನ ಮಾಂಸ ಇನ್ನೂ ನೋಯುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂತೆ ದಿಂಬು ಕೊಡಬೇಕು ಎಂದು ಅವಳಿಗೆ ಹೇಳಿದ್ದು ಕೂಟದಲ್ಲಿ ಪಕ್ಕದಲ್ಲಿ ಕೂತಿದ್ದ, ಅವಳಿಗಿಂತ ಒಂದೇ ವರ್ಷ ಮುಂಚೆ ಸೇರಿದ್ದ ಗೆಳತಿ. ದೊಡ್ಡವರ ಮುಂದೆ 'ನನಗೆ ಗೊತ್ತಿಲ್ಲ' ಎನ್ನಲು ಹೆದರಿಕೆ. ಓರಗೆಯವರ ಮುಂದೆ ಆ ಹೆದರಿಕೆಯಿಲ್ಲ.

ಇನ್ನೊಂದು ಸಂಗತಿ. ನಾವು ಸೇರುವ ದೊಡ್ಡಗಾಜನೂರು ಡಾ. ರಾಜ್‌ಕುಮಾರ್ ಅವರ ಊರೆಂದು ಎಲ್ಲರಿಗೂ ಗೊತ್ತು. 2000ದ ಜುಲೈ 30ರ ರಾತ್ರಿ ಅವರನ್ನು ಇಲ್ಲಿಯ ತೋಟದ ಮನೆಯಿಂದಲೇ ವೀರಪ್ಪನ್ ಕಾಡಿಗೆ ಕರೆದೊಯ್ದದ್ದು. ಅವರು ಬಿಡುಗಡೆಯಾದದ್ದು 108 ದಿನಗಳ ಮೇಲೆ. ಮರೆವಿನ ಕಾಯಿಲೆಯ ಒಬ್ಬ ಅಜ್ಜಿಗೆ ಆ 108 ದಿನ ಇನ್ನೂ ಮುಗಿದಿಲ್ಲ. ಬಾಗಿಲಲ್ಲಿ ಯಾವ ಗಾಡಿ ನಿಂತರೂ "ಅಣ್ಣಾವ್ರು ಬಂದ್ರಾ?" ಎಂದು ಕೇಳುತ್ತಾರೆ. ದಿಂಬಂ ಘಾಟಿಯ ಕೆಳಗಿನಿಂದ ಬಂದ ನಮ್ಮ ತಮಿಳು ಗೆಳತಿಗೆ ಇದು ತಿಳಿಯದೆ, 'ಸಂಬಂಧವಿಲ್ಲದ ಮಾತು' ಎಂದು ಭೇಟಿ ಪುಸ್ತಕದಲ್ಲಿ ಬರೆದಿದ್ದಳು. ಕೂಟದಲ್ಲಿ ಈ ಊರಿನ ಹುಡುಗಿ ಅರ್ಥ ಬಿಡಿಸಿ ಹೇಳಿದಳು. "ಬಂದ್ರು ಕಣವ್ವ, ಉಣ್ತಾವ್ರೆ" ಎಂದರೆ ಅಜ್ಜಿ ತಾವೂ ತಟ್ಟೆ ಎಳೆದುಕೊಳ್ಳುತ್ತಾರೆ, ಮಾತ್ರೆಯೂ ನುಂಗುತ್ತಾರೆ. ಇದು ಯಾವ ತರಬೇತಿ ಕೈಪಿಡಿಯಲ್ಲಿದೆ? ಆ ತಮಿಳು ಗೆಳತಿಯೂ ಈ ಮನವಿಗೆ ಸಹಿ ಮಾಡಿದ್ದಾಳೆ. ಇದನ್ನು ಯಾರೂ ಭಾಷೆಯ ಜಗಳವೆಂದು ತಿಳಿಯಬಾರದು.

ತರಬೇತಿ ಇಲ್ಲವೆಂದು ನಾವು ದೂರುತ್ತಿಲ್ಲ. ಆದರೆ ಅದು ದಿಂಬಂನ 27 ತಿರುವು ಇಳಿದ ಮೇಲೆ ಸಿಗುತ್ತದೆ. ಮದರಾಸು ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿ 10ರಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹುಲಿ ಕಾಡಿನ ಪ್ರಾಣಿಗಳು ಉಳಿಯಲೆಂದು ಬಂದ ಆದೇಶ, ಅದನ್ನು ನಾವು ಗೌರವಿಸುತ್ತೇವೆ. ಸಂಜೆಯ ಕೊನೆಯ ಬಸ್ಸಿನ ಚಿಂತೆಯಲ್ಲಿ ಕೂತು ಕೇಳಿದ ಪಾಠ ಎಷ್ಟು ತಲೆಗೆ ಹತ್ತೀತು ಎಂಬುದಷ್ಟೇ ನಮ್ಮ ಮಾತು.

2011ರ ಜನಗಣತಿಯ ಹೊತ್ತಿಗೇ ತಮಿಳುನಾಡಿನಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಜನ ಅರವತ್ತು ದಾಟಿದ್ದರು. 2021ರ ಆಗಸ್ಟ್ 5ರಂದು 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ತಂದು ಔಷಧಿಯನ್ನು ಮನೆ ಬಾಗಿಲಿಗೆ ಮುಟ್ಟಿಸಿದ ಸರ್ಕಾರಕ್ಕೆ, ಆ ಬಾಗಿಲು ತಟ್ಟುವವರು ತಿಂಗಳಿಗೆ ಮೂರು ಗಂಟೆ ಕೂಡಿ ಕೂರುವುದು ಭಾರವಾಗಬಾರದು.

ಆದ್ದರಿಂದ ಎರಡನೆಯ ಬುಧವಾರದ ಮಧ್ಯಾಹ್ನವನ್ನು ಕರ್ತವ್ಯದ ವೇಳೆಯೆಂದು ಬರವಣಿಗೆಯಲ್ಲಿ ಆದೇಶಿಸಬೇಕು. ಮೆಮೊಗಳನ್ನು ವಾಪಸು ಪಡೆದು, ಕಡಿತವಾದ ಸಂಬಳ ಕೊಡಿಸಬೇಕು. ಹೊಸದಾಗಿ ಸೇರಿದ ಪ್ರತಿಯೊಬ್ಬರನ್ನೂ ಮೊದಲ ಆರು ತಿಂಗಳು ಓರಗೆಯ ಒಬ್ಬರ ಜೊತೆ ಜೋಡಿ ಮಾಡಿ ಕಳಿಸಬೇಕು. ಮಕ್ಕಳು ನೋಡಿಕೊಳ್ಳದ ಹಿರಿಯರ ಪರವಾಗಿ, ಅವರ ಒಪ್ಪಿಗೆ ಪಡೆದು, 2007ರ ಪಾಲಕರ ಪೋಷಣೆ ಕಾಯ್ದೆಯ 5ನೆಯ ಕಲಮಿನಡಿ ಅರ್ಜಿ ಹಾಕುವ ಬಗೆಯನ್ನು ತಿಳಿದ ಅಧಿಕಾರಿಯೊಬ್ಬರು ಒಂದು ಬುಧವಾರ ಬಂದು ಹೇಳಿಕೊಡಲಿ.

ಗುರುತಿನ ಚೀಟಿ, ಕೊಡೆ, ಕನ್ನಡದಲ್ಲೂ ಅಚ್ಚಾದ ನಮೂನೆಗಳು, ಪೆಟ್ರೋಲ್ ಭತ್ಯೆ, ಗುಮಟಾಪುರದ ಗೊರೆ ಹಬ್ಬದ ದಿನ ರಜೆ, ಇವನ್ನೂ ಪರಿಶೀಲಿಸಬೇಕು.

ಕೂಟಕ್ಕೆ ದೊಡ್ಡಗಾಜನೂರನ್ನೇ ಖಾಯಂ ಸ್ಥಳವಾಗಿ ಗೊತ್ತುಮಾಡಬೇಕು. ಟೀ, ತಿಂಡಿಗೆ ಹಣ ಮಂಜೂರಾದರೆ ಇಲ್ಲಿಯ ಮಹಿಳಾ ಸ್ವಸಹಾಯ ಗುಂಪಿಗೇ ಕೊಡಬೇಕು. ಅದರಲ್ಲಿ ನಮ್ಮವರೂ ಇಬ್ಬರಿದ್ದಾರೆ, ಮುಚ್ಚಿಡುವಂಥದ್ದೇನಿಲ್ಲ. ಹಾಸನೂರು ಕಡೆ ಕೆಲಸ ಮಾಡುವ ಒಬ್ಬ ಸದಸ್ಯೆಯ ಅತ್ತೆಯವರೇ ಈಗ ಹಾಸಿಗೆ ಹಿಡಿದಿರುವುದರಿಂದ, ಆಕೆಯನ್ನು ತಾಳವಾಡಿ ಸಮೀಪಕ್ಕೆ ವರ್ಗಾಯಿಸಬೇಕು. ಊರವರ ಮುದುಕರನ್ನೆಲ್ಲ ನೋಡಿಕೊಂಡು ಮನೆಯವರನ್ನು ನೋಡಿಕೊಳ್ಳಲಾಗದಿದ್ದರೆ ಹೇಗೆ? ಮೆಮೊ ಪಡೆದ ಇಬ್ಬರ ಗುತ್ತಿಗೆ ನವೀಕರಣಕ್ಕೆ ಈ ಪ್ರಕರಣ ಅಡ್ಡಿಯಾಗಬಾರದು.

ಮುಂದಿನ ಎರಡನೆಯ ಬುಧವಾರವೂ ನಾವು ಅದೇ ಜಗಲಿಯಲ್ಲಿ ಸೇರುತ್ತೇವೆ. ಅಷ್ಟರೊಳಗೆ ತಮ್ಮ ಆದೇಶ ಬಂದರೆ ಕರ್ತವ್ಯದ ಮೇಲೆ ಸೇರುತ್ತೇವೆ. ಬಾರದಿದ್ದರೆ ರಜೆ ಅರ್ಜಿ ಬರೆದಿಟ್ಟು ಸೇರುತ್ತೇವೆ. ಆದೇಶ ಬರುವುದೆಂದೇ ನಂಬಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳು ಹಿಂಬದಿಯ ಪುಟದಲ್ಲಿ)

ಸ್ಥಳ: ದೊಡ್ಡಗಾಜನೂರು