ಲಾರಿಯ ಇಂಜಿನು ಬಾವಿದಂಡೆಗೆ ಬಂದಾಗ



ಮುರಿಯಲು ಹಾಕಿದ ಹಳೆಯ ಲಾರಿಯಿಂದ ಇಂಜಿನನ್ನು ಮಾತ್ರ ಬಿಚ್ಚಿಸಿ ತಂದು, ಕಬ್ಬಿಣದ ಚೌಕಟ್ಟಿನ ಮೇಲೆ ಕೂಡಿಸಿ, ಬಾವಿಯಿಂದಲೋ ಹಳ್ಳದಿಂದಲೋ ನೀರೆತ್ತಲು ಹಚ್ಚುವ ವಿಚಾರ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ರೈತರ ಬಾಯಲ್ಲಿ ಆಗಾಗ ಬರುತ್ತದೆ. ಕರೆಂಟಿನ ಭರವಸೆ ಇಲ್ಲದ ಹೊಲಕ್ಕೆ ಇದೊಂದು ದಾರಿ ಎಂದು ಅವರಿಗೆ ಅನ್ನಿಸುವುದು ಸಹಜ. ಇಂಜಿನು ಮೋಡಕಾ ಬೆಲೆಗೆ ಸಿಗುತ್ತದೆ. ಕೂಡಿಸುವ ಕೆಲಸಕ್ಕೆ ಊರ ಕಮ್ಮಾರನೇ ಸಾಕು. ಆಮೇಲೆ ಬರುವ ಪ್ರಶ್ನೆ ಎಂದರೆ, "ಸಾಹೇಬರ, ಡೀಸೆಲ್ ಪಂಪ ನೀರೆತ್ತೂದಕ್ಕ ಒಗ್ಗೂ ಹಂಗ ಮನ್ಯಾಗ ಬದಲಿ ಮಾಡ್ಕೋಬಹುದೇನ್ರಿ?" ಇದಕ್ಕೆ ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಅದನ್ನು ಇಂದು ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇನೆ.

ಮಟಕಿಯ ಹತ್ತಿರದ ಒಂದು ತೋಟದಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ರೈತರು ಆರು ಸಿಲಿಂಡರಿನ ಹಳೆಯ ಇಂಜಿನನ್ನು ತಂದು, ಗಾಳಿ ಒಳಗೆ ಹೋಗುವ ಬಾಯಿಯಲ್ಲಿದ್ದ ಒಂದು ಕವಾಟದ ತುಂಡನ್ನೂ ಅದರಿಂದ ಪಂಪಿಗೆ ಹೋಗುವ ಸಣ್ಣ ರಬ್ಬರು ಕೊಳವೆಯನ್ನೂ "ಇದು ಲಾರಿ ಓಡಿಸೋದಕ್ಕೆ ಇದ್ದದ್ದು, ನೀರಿಗೇನು ಬೇಕು" ಎಂದು ತೆಗೆದು ಒಗೆದಿದ್ದರು. ಇಂಜಿನು ಹಚ್ಚಿದ ಕ್ಷಣಕ್ಕೇ ಅದು ಕೂಗತೊಡಗಿತು. ಕೂಗು ಏರುತ್ತಲೇ ಹೋಯಿತೇ ಹೊರತು ಇಳಿಯಲಿಲ್ಲ. ನಿಲ್ಲಿಸುವ ಕಡ್ಡಿಗೆ ಇನ್ನೂ ತಂತಿ ಕಟ್ಟಿರಲಿಲ್ಲ. ಜನ ಎದ್ದು ಓಡಿದರು. ಓಡದೆ ನಿಂತ ಒಬ್ಬ ಆಳು ಚೀಲದ ಕೆಳಗೆ ಹಾಕಿದ್ದ ಹಲಗೆಯೊಂದನ್ನು ಎತ್ತಿ ಗಾಳಿಯ ಬಾಯಿಗೆ ಒತ್ತಿ ಹಿಡಿದ. ಉಸಿರು ಕಟ್ಟಿ ಇಂಜಿನು ನಿಂತಿತು. ನಾನು ಹೋದಾಗ ಆ ಹಲಗೆ ಅಲ್ಲಿಯೇ ಬಿದ್ದಿತ್ತು. ಒಂದು ಕನೆಕ್ಟಿಂಗ್ ರಾಡು ಬಾಗಿತ್ತು. ಮನುಷ್ಯರಿಗೆ ಏನೂ ಆಗಿರಲಿಲ್ಲ ಎಂಬುದಷ್ಟೇ ಸಮಾಧಾನ. ಆ ವೇಗದಲ್ಲಿ ದಮ್ಮುಗಾಲಿ ಒಡೆದಿದ್ದರೆ ಅದರ ಚೂರುಗಳು ಗುಂಡಿನಂತೆ ಹಾರುತ್ತವೆ.

ಯಾಕೆ ಹೀಗಾಯಿತು? ಪೆಟ್ರೋಲ್ ಇಂಜಿನಿನಲ್ಲಿ ವೇಗವನ್ನು ಆಳುವುದು ಗಾಳಿಯ ಕವಾಟ. ಡೀಸೆಲ್ ಇಂಜಿನಿನಲ್ಲಿ ಹಾಗಲ್ಲ, ಎಣ್ಣೆ ಎಷ್ಟು ಕೊಟ್ಟರೆ ಅಷ್ಟು ಓಡುತ್ತದೆ. ಆದುದರಿಂದ ಎಣ್ಣೆಯನ್ನು ಹಿಡಿದು ಕೊಡುವ ಗವರ್ನರ್ ಎಂಬ ಭಾಗ ಅದಕ್ಕೆ ಮೂಗುದಾರವಿದ್ದಂತೆ. ಹಳೆಯ ಕಾಲದ ಹಲವು ಇಂಜಿನುಗಳಲ್ಲಿ ಈ ಗವರ್ನರ್ ಗಾಳಿಯ ಸೆಳೆತದಿಂದ ನಡೆಯುತ್ತದೆ. ಒಳಗಿನ ಸ್ಪ್ರಿಂಗು ಎಣ್ಣೆಯ ಹಲ್ಲುಪಟ್ಟಿಯನ್ನು ಸದಾ ಪೂರ್ತಿ ಎಣ್ಣೆಯ ಕಡೆಗೆ ನೂಕುತ್ತಿರುತ್ತದೆ. ಇಂಜಿನು ಉಸಿರೆಳೆದಾಗ ಉಂಟಾಗುವ ಸೆಳೆತವು ಆ ಸಣ್ಣ ಕೊಳವೆಯ ಮೂಲಕ ಚರ್ಮದ ಪರದೆಯೊಂದನ್ನು ಹಿಂದಕ್ಕೆ ಎಳೆದು ಎಣ್ಣೆಯನ್ನು ಕಡಿಮೆ ಮಾಡುತ್ತದೆ. ಕೊಳವೆ ಕಿತ್ತರೆ, ಪರದೆ ಹರಿದರೆ, ಕವಾಟದ ತುಂಡು ಒಗೆದರೆ, ಸ್ಪ್ರಿಂಗಿಗೆ ಎದುರು ನಿಲ್ಲುವವರೇ ಇಲ್ಲ. ಮಟಕಿಯಲ್ಲಿ ಕಿತ್ತು ಒಗೆದದ್ದು ಇಂಜಿನಿನ ಮೂಗುದಾರವನ್ನೇ.

ಇನ್ನು ಕೆಲವು ಪಂಪುಗಳಲ್ಲಿ ತಿರುಗುವ ತೂಕಗಳಿಂದ ನಡೆಯುವ ಗವರ್ನರ್ ಇರುತ್ತದೆ. ಅದರಲ್ಲಿಯೂ ಎರಡು ಜಾತಿ. ಒಂದು, ಕನಿಷ್ಠ ವೇಗವನ್ನೂ ಗರಿಷ್ಠ ವೇಗವನ್ನೂ ಮಾತ್ರ ಕಾಯುವುದು. ನಡುವಿನ ವೇಗವೆಲ್ಲ ಚಾಲಕನ ಕಾಲಿಗೆ ಬಿಟ್ಟಿದ್ದು. ರಸ್ತೆಯ ಮೇಲೆ ಇದು ಸರಿ. ಏರು ಬಂದರೆ ಚಾಲಕ ತುಳಿಯುತ್ತಾನೆ, ಇಳಿಜಾರು ಬಂದರೆ ಬಿಡುತ್ತಾನೆ. ಬಾವಿದಂಡೆಯಲ್ಲಿ ತುಳಿಯುವವರು ಯಾರು? ಕಡ್ಡಿಯನ್ನು ತಂತಿಯಿಂದ ಬಿಗಿದು ನೀವು ಊಟಕ್ಕೆ ಕೂತಿರುತ್ತೀರಿ. ಫುಟ್‌ವಾಲ್ವು ಗಾಳಿ ಎಳೆದು ನೀರು ಕಡಿಯಿತೆಂದರೆ ಭಾರ ತಟ್ಟನೆ ಇಳಿಯುತ್ತದೆ. ಎಣ್ಣೆ ಮಾತ್ರ ಅಷ್ಟೇ ಬರುತ್ತಿರುತ್ತದೆ. 1500 ಸುತ್ತಿನಲ್ಲಿದ್ದ ಇಂಜಿನು ಲಾರಿಯ ಗರಿಷ್ಠ ಸುತ್ತು ಮುಟ್ಟುವ ತನಕ ತಡೆಯುವವರಿಲ್ಲ. ಎರಡನೆಯ ಜಾತಿಯದು ಎಲ್ಲ ವೇಗದಲ್ಲಿಯೂ ಕಾಯುವ ಗವರ್ನರ್. ಇಟ್ಟ ವೇಗವನ್ನು ಅದು ತಾನೇ ಹಿಡಿದು ನಡೆಸುತ್ತದೆ. ಒಂದೇ ಜಾಗದಲ್ಲಿ ನಿಂತು ದುಡಿಯುವ ಇಂಜಿನಿಗೆ ಬೇಕಾದದ್ದು ಇದೇ.

ನಿಮ್ಮ ಪಂಪಿನಲ್ಲಿ ಯಾವುದಿದೆ ಎಂದು ತಿಳಿಯಲು ಬಿಚ್ಚಬೇಕಾಗಿಲ್ಲ. ಗವರ್ನರ್ ಮೈಮೇಲೆ ಒಂದು ತಗಡಿನ ಪಟ್ಟಿ ಇರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಒರೆಸಿ ಓದಿರಿ. ಬಾಷ್ ಮಾದರಿಯ ಪಂಪುಗಳಲ್ಲಿ ಆರ್‌ಎಸ್‌ವಿ ಅಥವಾ ಆರ್‌ಕ್ಯೂವಿ ಎಂದಿದ್ದರೆ ಎಲ್ಲ ವೇಗದ್ದು. ಕೊನೆಯ ವಿ ಇಲ್ಲದೆ ಬರೀ ಆರ್‌ಕ್ಯೂ ಎಂದಿದ್ದರೆ ಕನಿಷ್ಠ-ಗರಿಷ್ಠದ್ದು. ಅದರ ಮುಂದಿನ ಅಂಕಿಗಳು ಪಂಪಿನ ಸುತ್ತು. ನಾಲ್ಕು ಹೊಡೆತದ ಇಂಜಿನಿನಲ್ಲಿ ಪಂಪು ಅರ್ಧ ವೇಗದಲ್ಲಿ ತಿರುಗುವುದರಿಂದ, ಪಟ್ಟಿಯಲ್ಲಿ 1400 ಎಂದಿದ್ದರೆ ಇಂಜಿನು 2800 ಸುತ್ತಿನವರೆಗೂ ಓಡಬಲ್ಲದು ಎಂದರ್ಥ. ಅಂದರೆ ಆರ್‌ಎಸ್‌ವಿ ಇದ್ದರೂ ಕೆಲಸ ಮುಗಿಯಲಿಲ್ಲ. 1500 ಸುತ್ತಿನ ನೀರಿನ ಪಂಪಿಗೆ ಜೋಡಿಸುವುದಾದರೆ ಗರಿಷ್ಠ ಮಿತಿಯನ್ನು ಪಂಪಿನ 750ರ ಆಸುಪಾಸಿಗೆ ಇಳಿಸಿ ಮೊಹರು ಹಾಕಿಸಬೇಕು. ಸುತ್ತು ಹೆಚ್ಚಾದರೆ ನೀರು ಹೆಚ್ಚು ಬರುತ್ತದೆ ಎಂಬ ಆಸೆ ಬೇಡ. ಅದೇ ಪಂಪನ್ನು 1500ರ ಬದಲು 1800ರಲ್ಲಿ ಓಡಿಸಿದರೆ ನೀರು ಹೆಚ್ಚೆಂದರೆ ಐದರಲ್ಲಿ ಒಂದು ಪಾಲು ಹೆಚ್ಚೀತು, ಬೇಕಾಗುವ ಶಕ್ತಿ ಮಾತ್ರ ಸುಮಾರು ಮುಕ್ಕಾಲು ಪಾಲು ಹೆಚ್ಚಾಗುತ್ತದೆ.

ಈ ಬದಲಾವಣೆ ಮಾತ್ರ ಮನೆಯಲ್ಲಿ ಆಗದ ಕೆಲಸ. ಕಾರಣ ಕೇಳಿರಿ. ರುಡಾಲ್ಫ್ ಡೀಸೆಲ್ ಅವರ ಇಂಜಿನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾದರೂ, ಆಗ ಎಣ್ಣೆಯನ್ನು ಒಳಗೆ ಊದಲು ದೊಡ್ಡದೊಂದು ಗಾಳಿಯ ಯಂತ್ರ ಬೇಕಾಗಿತ್ತು. ಹೀಗಾಗಿ ಅದನ್ನು ಲಾರಿಯಲ್ಲಿ ಕೂಡಿಸುವುದು ಕಷ್ಟವಾಗಿತ್ತು. ರಾಬರ್ಟ್ ಬಾಷ್ ಅವರ ಕಾರ್ಖಾನೆ 1927ರಲ್ಲಿ ಸಣ್ಣ ಇಂಜೆಕ್ಷನ್ ಪಂಪನ್ನು ಸಾಲಾಗಿ ತಯಾರಿಸತೊಡಗಿದ ಮೇಲೆ ಡೀಸೆಲ್ ಲಾರಿಗೆ ದಾರಿ ಸುಗಮವಾಯಿತು. ನಮ್ಮಲ್ಲಿ ಅದೇ ಪಂಪನ್ನು 1951ರಲ್ಲಿ ಹುಟ್ಟಿದ ಮೈಕೋ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಿಸಿತು. 2008ರಲ್ಲಿ ಸಂಸ್ಥೆಯ ಹೆಸರು ಬಾಷ್ ಎಂದಾದರೂ ಮಿಸ್ತ್ರಿಗಳ ಬಾಯಲ್ಲಿ ಅದು ಮೈಕೋ ಪಂಪಾಗಿಯೇ ಉಳಿದಿದೆ. ಅದರೊಳಗಿನ ಪ್ಲಂಜರಿಗೂ ಅದರ ಗೂಡಿಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್. ನಿಮ್ಮ ತಲೆಯ ಒಂದು ಕೂದಲು ಅದಕ್ಕಿಂತ ಇಪ್ಪತ್ತು ಪಟ್ಟಾದರೂ ದಪ್ಪ. ನಮ್ಮ ಎರೆಹೊಲದ ಧೂಳು ಕಣ್ಣಿಗೆ ಕಾಣದಷ್ಟು ಒಳಹೊಕ್ಕರೂ ಸಾಕು, ಆ ಜೋಡಿ ಗೀಚಿಹೋಗುತ್ತದೆ. ಒಂದರ ಪ್ಲಂಜರನ್ನು ಇನ್ನೊಂದರ ಗೂಡಿಗೆ ಹಾಕಿದರೂ ಕೆಟ್ಟಿತು. ಆರೂ ಪ್ಲಂಜರುಗಳು ಸಮನಾಗಿ ಎಣ್ಣೆ ಕೊಡುತ್ತಿವೆಯೇ ಎಂದು ನೋಡಲು ಪರೀಕ್ಷಾ ಬೆಂಚೇ ಬೇಕು. ಕಿವಿಯಿಂದ ತಿಳಿಯುವ ಮಾತಲ್ಲ ಅದು.

ಆದುದರಿಂದ ಪಂಪನ್ನು ಇಡಿಯಾಗಿ ಇಳಿಸಿ, ಬಾಯಿಗಳಿಗೆಲ್ಲ ಬೂಚು ಹಾಕಿ, ಕಲಬುರಗಿಗೋ ಸೊಲ್ಲಾಪುರಕ್ಕೋ ಬೆಂಚು ಇರುವ ಕಡೆ ಒಯ್ಯಿರಿ. ಹೋದಾಗ "ರಿಪೇರಿ ಮಾಡಿರಿ" ಎಂದು ಹೇಳಿ ಬಂದರೆ ಅವರು ಲಾರಿಯ ಲೆಕ್ಕಕ್ಕೇ ಹೊಂದಿಸಿ ಕೊಡುತ್ತಾರೆ. ಇಂಜಿನು ಯಾವ ಮಾದರಿಯದು, ಒಂದೇ ಜಾಗದಲ್ಲಿ ನಿಂತು ಓಡುವುದು, ಇಂತಿಷ್ಟು ಸುತ್ತು ಬೇಕು, ಇಂತಿಷ್ಟು ಭಾರ ಎಂದು ಬಿಡಿಸಿ ಹೇಳಿರಿ. ಗಾಳಿಸೆಳೆತದ ಗವರ್ನರ್ ಇದ್ದರೆ, ಅದೇ ಇಂಜಿನಿಗೆ ಕೂಡುವ ಆರ್‌ಎಸ್‌ವಿ ಗವರ್ನರಿನ ಪಂಪನ್ನು ಅದಲುಬದಲು ಕೇಳಿರಿ. ಕೆಲಸವಾದ ಮೇಲೆ ಪ್ರತಿ ಪ್ಲಂಜರು ಸಾವಿರ ಹೊಡೆತಕ್ಕೆ ಎಷ್ಟು ಎಣ್ಣೆ ಕೊಟ್ಟಿತೆಂಬ ಚೀಟಿಯನ್ನು ಬರೆಯಿಸಿಕೊಳ್ಳಿರಿ. ಚೀಟಿ ಕೊಡಲು ಹಿಂದೆಮುಂದೆ ನೋಡುವವನು ಬೆಂಚಿಗೆ ಏರಿಸಿಯೇ ಇಲ್ಲ ಎಂದು ತಿಳಿಯಿರಿ.

ನಾಜಲ್ಲುಗಳ ವಿಷಯದಲ್ಲಿಯೂ ಒಂದು ತಪ್ಪು ನಡೆಯುತ್ತದೆ. ಮುಂಗೋಣೆ ಇರುವ ಹಳೆಯ ಇಂಜಿನಿಗೆ ಒಂದೇ ತೂತಿನ ಪಿಂಟಲ್ ನಾಜಲ್ಲು. ಅದು ಸುಮಾರು 100ರಿಂದ 135 ಬಾರ್ ಒತ್ತಡಕ್ಕೆ ತೆರೆಯುತ್ತದೆ. ನೇರವಾಗಿ ಸಿಲಿಂಡರಿಗೆ ಎಣ್ಣೆ ಸಿಡಿಸುವ ಇಂಜಿನಿಗೆ ಹಲವು ತೂತಿನದು, ಒತ್ತಡ ಸುಮಾರು 175ರಿಂದ 250 ಬಾರ್. ಸಂತೆಯ ಮೋಡಕಾ ಅಂಗಡಿಯಲ್ಲಿ ಎರಡೂ ಒಂದೇ ಬುಟ್ಟಿಯಲ್ಲಿ ಬಿದ್ದಿರುತ್ತವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಹೊಗೆ ಬರುತ್ತದೆ, ಕೊನೆಗೆ ಪಿಸ್ಟನ್ನಿನ ತಲೆ ಸುಡುತ್ತದೆ. ಪಂಪಿನಿಂದ ನಾಜಲ್ಲಿಗೆ ಹೋಗುವ ಉಕ್ಕಿನ ಕೊಳವೆಗಳು ಸುತ್ತಿಬಳಸಿ ಒಂದೇ ಉದ್ದ ಬರುವಂತೆ ಮಾಡಿರುವುದು ಚೆಂದಕ್ಕಲ್ಲ. ಒಂದನ್ನು ಕತ್ತರಿಸಿ ಗಿಡ್ಡ ಮಾಡಿದರೆ ಆ ಸಿಲಿಂಡರಿಗೆ ಎಣ್ಣೆ ಮುಟ್ಟುವ ಹೊತ್ತೇ ಬೇರೆಯಾಗುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಬಹಳಷ್ಟಿದೆ, ಮತ್ತು ಪಂಪಿನ ಆಯುಷ್ಯ ನಿಂತಿರುವುದೇ ಅದರ ಮೇಲೆ. ಪಂಪು ಇಳಿಸುವ ಮುಂಚೆ ಇಂಜಿನನ್ನು ಕೈಯಿಂದ ತಿರುಗಿಸಿ ಒಂದನೆಯ ಸಿಲಿಂಡರನ್ನು ಒತ್ತುವ ಹೊಡೆತಕ್ಕೆ ತರಬೇಕು. ಆಗ ಅದರ ಎರಡೂ ವಾಲ್ವುಗಳ ರಾಕರ್ ಸಡಿಲವಾಗಿ ಆಡುತ್ತವೆ, ಆರನೆಯದರವು ಏರಿಳಿಯುವ ಹಂತದಲ್ಲಿರುತ್ತವೆ. ದಮ್ಮುಗಾಲಿಯ ಗುರುತನ್ನೂ ಪಂಪಿನ ಗುರುತನ್ನೂ ಕೂಡಿಸಿ, ಪಂಪಿಗೂ ಅದು ಕೂಡುವ ಜಾಗಕ್ಕೂ ಅಡ್ಡಲಾಗಿ ಉಳಿಯಿಂದ ಒಂದು ಗೆರೆ ಎಳೆಯಿರಿ. ತಿರುಗಿ ಕೂಡಿಸುವಾಗ ಪಂಪು ಅರ್ಧ ಸುತ್ತು ತಪ್ಪಿತೆಂದರೆ ಹೊಗೆ ಹೊರಹಾಕುವ ಹೊಡೆತದಲ್ಲಿ ಎಣ್ಣೆ ಸಿಡಿಯುತ್ತದೆ. ಬಿಳಿ ಹೊಗೆ ಮಾತ್ರ ಬರುತ್ತದೆ, ಇಂಜಿನು ಹತ್ತುವುದಿಲ್ಲ. ಎಷ್ಟು ಡಿಗ್ರಿ ಮುಂಚೆ ಎಣ್ಣೆ ಬೀಳಬೇಕೆಂಬುದು ಇಂಜಿನಿನಿಂದ ಇಂಜಿನಿಗೆ ಬೇರೆ. ಅದರ ಪುಸ್ತಕದಲ್ಲಿದ್ದುದೇ ಪ್ರಮಾಣ, ನೆರೆಯವರ ಇಂಜಿನಿನದಲ್ಲ.

ಡ್ರಮ್ಮಿನಲ್ಲಿ ತಂದ ಡೀಸೆಲನ್ನು ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ತಳದ ನಾಲ್ಕು ಬೆರಳು ಬಿಟ್ಟು ಮೇಲಿನದನ್ನು ತುಂಬಿರಿ. ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಬಿಡಿರಿ. ಹಂಗಾಮು ಮುಗಿದ ಮೇಲೆ ಟಾಕಿಯನ್ನು ಖಾಲಿ ಬಿಡದೆ ತುಂಬಿಸಿಡಿರಿ. ಖಾಲಿ ಟಾಕಿಯ ಗೋಡೆಗೆ ಬೆವರಿದ ನೀರೇ ಪ್ಲಂಜರಿಗೆ ತುಕ್ಕು. ಗಾಳಿ ಹೊಕ್ಕರೆ ಮೊದಲು ಫಿಲ್ಟರಿನ, ಅನಂತರ ಪಂಪಿನ ತಿರುಪು ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಕೈಪಂಪು ಒತ್ತಿರಿ. ಪಂಪಿನ ತಳದಲ್ಲಿ ತನ್ನದೇ ಎಂಜಿನ್ ಆಯಿಲ್ ಇರುವ ಮಾದರಿಯಾದರೆ ಕಡ್ಡಿ ಅದ್ದಿ ನೋಡುತ್ತಿರಿ. ಅದು ದಿನೇದಿನೇ ಏರುತ್ತಿದ್ದರೆ ಡೀಸೆಲ್ ಸೋರುತ್ತಿದೆ ಎಂದೇ ತಿಳಿಯಬೇಕು. ಡೀಸೆಲಿಗೆ ಸೀಮೆಎಣ್ಣೆ ಬೆರೆಸುವವರಿಗೆ ಒಂದು ಮಾತು: ಪ್ಲಂಜರಿಗೆ ಜಿಡ್ಡು ಸಿಗುವುದು ಡೀಸೆಲಿನಿಂದಲೇ. ಸೀಮೆಎಣ್ಣೆಯಲ್ಲಿ ಆ ಜಿಡ್ಡು ಕಡಿಮೆ. ಲೀಟರಿಗೆ ಉಳಿಸಿದ್ದನ್ನು ಪಂಪು ಬಡ್ಡಿಸಹಿತ ವಸೂಲು ಮಾಡುತ್ತದೆ.

ಕೊಳವೆ ಸೋರುತ್ತಿದೆಯೇ ಎಂದು ಓಡುವ ಇಂಜಿನಿಗೆ ಕೈ ಹಚ್ಚಿ ನೋಡುವ ರೂಢಿಯನ್ನು ಮಾತ್ರ ಇಂದೇ ಬಿಡಿರಿ. ಆ ಒತ್ತಡದ ಎಣ್ಣೆ ಚರ್ಮವನ್ನು ಸೂಜಿಯಂತೆ ತೂರಿ ಒಳಹೋಗುತ್ತದೆ. ಮೇಲೆ ಸಾಸಿವೆಯಷ್ಟು ಗುರುತು ಕಾಣುತ್ತದೆ, ನೋವೂ ಇರಲಿಕ್ಕಿಲ್ಲ. ಹಾಗೆಂದು ಅರಿಷಿಣ ಹಚ್ಚಿ ಮಲಗಿದರೆ ಬೆರಳೇ ಹೋದೀತು. ಅದೇ ಹೊತ್ತಿಗೆ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಬೇಕು. ಸೋರಿಕೆ ನೋಡಲು ರಟ್ಟಿನ ತುಂಡು ಸಾಕು.

ಇಷ್ಟೆಲ್ಲ ಖರ್ಚಿಗೆ ಮುಂಚೆ ಒಂದು ಲೆಕ್ಕ ಹಾಕಿರಿ. ಸೆಕೆಂಡಿಗೆ 10 ಲೀಟರು ನೀರನ್ನು 20 ಮೀಟರು ಎತ್ತಲು ನೀರಿನ ಪಾಲಿಗೆ ಬೇಕಾದದ್ದು ಎರಡೂವರೆ ಅಶ್ವಶಕ್ತಿಗಿಂತ ತುಸು ಹೆಚ್ಚು. ಪಂಪಿನಲ್ಲಿ ಅರ್ಧ ವ್ಯರ್ಥವಾಯಿತೆಂದರೂ ಐದಾರು ಅಶ್ವಶಕ್ತಿ. ಇದಕ್ಕೆ ನೂರು ಅಶ್ವಶಕ್ತಿಯ ಲಾರಿ ಇಂಜಿನು ಹಚ್ಚುವುದೆಂದರೆ ಕೊಡ ನೀರು ತರಲು ಎಂಟೆತ್ತಿನ ಬಂಡಿ ಹೂಡಿದಂತೆ. ಎಳೆಯುವ ಭಾರಕ್ಕಿಂತ ತನ್ನನ್ನು ತಾನು ತಿರುಗಿಸಿಕೊಳ್ಳಲಿಕ್ಕೇ ಅದು ಹೆಚ್ಚು ಎಣ್ಣೆ ಕುಡಿಯುತ್ತದೆ, ನಾಜಲ್ಲಿಗೆ ಮಸಿ ಕಟ್ಟುತ್ತದೆ. ಒಬ್ಬರ ಬಾವಿಗೆ ಸಣ್ಣ ಡೀಸೆಲ್ ಪಂಪ್‌ಸೆಟ್ಟೇ ಮೇಲು ಎಂಬುದು ನನ್ನ ಅಭಿಪ್ರಾಯ. ಭೀಮಾ ದಂಡೆಯಿಂದ ನಾಲ್ಕಾರು ಜನ ಕೂಡಿ ದೂರಕ್ಕೆ ನೀರು ಒಯ್ಯುವುದಿದ್ದರೆ ಮಾತ್ರ ದೊಡ್ಡ ಇಂಜಿನಿಗೆ ಅರ್ಥವಿದೆ. ಅಂದಹಾಗೆ, ರಸ್ತೆಯ ಮೇಲೆ ಓಡುವ ಲಾರಿಗೇ ಬೇರೆ ತರಹದ ಇಂಜಿನು ಕೂಡಿಸುವುದಾದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಡ್ಡ ಬರುತ್ತದೆ. ಆರ್‌ಟಿಓ ಕಚೇರಿಯಲ್ಲಿ ಮೊದಲೇ ವಿಚಾರಿಸಿರಿ.

ಒಂದು ಮಾತನ್ನು ಇಲಾಖೆಯವರ ಕಿವಿಗೂ ಹಾಕಬೇಕಾಗಿದೆ. ಟ್ರಾಕ್ಟರು, ರಾಶಿ ಯಂತ್ರ ಊರೂರಿಗೆ ಬಂದಿವೆ. ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳೂ ಆಗಿವೆ. ಆದರೆ ಪಂಪು ಪರೀಕ್ಷಿಸಲು ಮಾತ್ರ ರೈತ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಜಿಲ್ಲಾ ಸ್ಥಳಕ್ಕೆ ಹೋಗಬೇಕೇ? ತಾಲ್ಲೂಕಿಗೊಂದು ಪರೀಕ್ಷಾ ಬೆಂಚು, ಅದನ್ನು ನಡೆಸಬಲ್ಲ ಐಟಿಐ ಕಲಿತ ಇಬ್ಬರು ಹುಡುಗರು ಇದ್ದರೆ ಮನೆಯಂಗಳದಲ್ಲಿ ಪಂಪು ಬಿಚ್ಚುವ ಆಸೆ ಬಹುಪಾಲು ತಾನೇ ಇಳಿಯುತ್ತದೆ. ಸಹಕಾರ ಸಂಘಗಳು ಈ ಬೇಡಿಕೆಯನ್ನು ಠರಾವು ಮಾಡಿ ಕಳಿಸಲಿ.

ಅಲ್ಲಿಯವರೆಗೆ, ಈಗಾಗಲೇ ಲಾರಿ ಇಂಜಿನು ಓಡಿಸುತ್ತಿರುವವರು ನಾಳೆ ಹೊಲಕ್ಕೆ ಹೋದಾಗ ನಿಲ್ಲಿಸುವ ಕಡ್ಡಿಗೆ ಗಟ್ಟಿ ತಂತಿ ಕಟ್ಟಿ, ಅದರ ತುದಿಯನ್ನು ಇಂಜಿನಿನಿಂದ ನಾಲ್ಕು ಮಾರು ದೂರಕ್ಕೆ ತನ್ನಿರಿ. ಗಾಳಿಯ ಬಾಯಿ ಪೂರ್ತಿ ಮುಚ್ಚುವಷ್ಟು ಅಗಲದ ಒಂದಂಗುಲ ದಪ್ಪದ ಹಲಗೆಯೊಂದನ್ನು ಹಿಡಿಕೆ ಬಡಿದು ಪಕ್ಕದಲ್ಲಿಯೇ ತೂಗುಹಾಕಿರಿ. ಅರಿವೆ, ಗೋಣಿ ಒಳಗೆ ಎಳೆದುಹೋಗುತ್ತವೆ, ಅಂಗೈ ಒಡ್ಡುವುದಂತೂ ಕೂಡದು. ಮಟಕಿಯ ಆ ರೈತರು ಈಗ ಬೆಂಚಿನಲ್ಲಿ ಹೊಂದಿಸಿದ ಪಂಪು ಹಾಕಿಸಿದ್ದಾರೆ. ಹಲಗೆಯನ್ನು ಮಾತ್ರ ತೆಗೆದಿಲ್ಲ, ಮೊಳೆಗೆ ತೂಗುಹಾಕಿದ್ದಾರೆ.