ಕಳ್ಳನ ಹಣೆಯ ವಿಭೂತಿ



ಚನ್ನಗಿರಿಯ ಭಕ್ತರೊಬ್ಬರ ಮನೆಗೆ ನಾವು ಹೋಗಿದ್ದಾಗ ಆ ಮನೆಯ ತಾಯಿ, "ಸಕ್ಕರೆ ತಿನ್ನುವುದನ್ನು ಬಿಟ್ಟರೆ ಕ್ಯಾನ್ಸರ್ ಬಾರದಂತೆ, ನಿಜವೇ ಶಾಸ್ತ್ರಿಗಳೇ?" ಎಂದು ಕೇಳಿದರು. ಸಕ್ಕರೆಗೂ ಆ ರೋಗಕ್ಕೂ ನಂಟು ಉಂಟು. ಆದರೆ ಅದು ಅಡುಗೆಮನೆಯ ಡಬ್ಬಿಯ ಸಕ್ಕರೆಯ ಮಾತಲ್ಲ.

ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ ಸಕ್ಕರೆಯ ಅಣುಗಳ ಸರಪಣಿಗಳನ್ನು ಮೈಮೇಲೆ ಹೊದ್ದಿರುತ್ತದೆ. ಅವನ್ನು ಹೆಣೆಯುವುದೂ ಕತ್ತರಿಸುವುದೂ ಕಿಣ್ವಗಳ ಕಾಯಕ. ಸರಪಣಿಯ ತುದಿಯಲ್ಲಿ ಸಿಯಾಲಿಕ್ ಆಮ್ಲವೆಂಬ ಸಕ್ಕರೆಯಿದ್ದರೆ ಕಾವಲಿನ ಬಿಳಿಯ ರಕ್ತಕಣಗಳು 'ಇವನು ನಮ್ಮವನು' ಎಂದೆಣಿಸಿ ಸುಮ್ಮನಾಗುತ್ತವೆ. ಅನೇಕ ಬಗೆಯ ಕ್ಯಾನ್ಸರ್‌ಗಳಲ್ಲಿ ಈ ಆಮ್ಲವನ್ನು ಜೋಡಿಸುವ ಕಿಣ್ವಗಳು ಮಿತಿಮೀರಿ ದುಡಿಯುತ್ತವೆ. ಹಣೆಗೆ ವಿಭೂತಿ ಬಳಿದುಕೊಂಡು ಬಂದ ಕಳ್ಳನನ್ನು ಶರಣನೆಂದೇ ತಿಳಿದು ಬಾಗಿಲು ತೆರೆದಂತೆ, ಕಾವಲುಕಣಗಳು ರೋಗದ ಕೋಶಕ್ಕೆ ದಾರಿ ಬಿಡುತ್ತವೆ. ಹೆಪರನೇಸ್ ಎಂಬ ಮತ್ತೊಂದು ಕಿಣ್ವವು ಕೋಶಗಳ ಸುತ್ತಣ ಸಕ್ಕರೆಯ ಬೇಲಿಯನ್ನು ಕಡಿದು, ರೋಗವು ಬೇರೆ ಅಂಗಗಳಿಗೆ ಹರಡಲು ನೆರವಾಗುತ್ತದೆ.

2022ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಅಮೆರಿಕೆಯ ಕ್ಯಾರೊಲಿನ್ ಬೆರ್ಟೋಜಿಯವರು ಈ ವೇಷವನ್ನು ಕಳಚುವ ಉಪಾಯವೊಂದನ್ನು ಶೋಧಿಸಿದ್ದಾರೆ. ಸಿಯಾಲಿಕ್ ಆಮ್ಲವನ್ನು ಕತ್ತರಿಸುವ ಕಿಣ್ವವನ್ನು, ರೋಗದ ಕೋಶವನ್ನು ಹುಡುಕಿ ಹಿಡಿಯುವ ಪ್ರತಿಕಾಯಕ್ಕೆ ಜೋಡಿಸಿ ಕಳುಹುವುದೇ ಆ ಉಪಾಯ. ಅದಿನ್ನೂ ಪರೀಕ್ಷೆಯ ಹಂತದಲ್ಲಿದೆ.

ಹಾಗಾದರೆ ಇಂದು ನಮ್ಮ ಕೈಯಲ್ಲಿರುವುದೇನು? ಸಂಕೋಚದಿಂದಲೇ ಹೇಳುತ್ತೇವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಎಷ್ಟೋ ಮನೆಗಳನ್ನು ಅಡಿಕೆಯೇ ಸಾಕಿದೆ; ದಾಸೋಹಕ್ಕೂ ಆ ತೋಟಗಳಿಂದ ಕಾಣಿಕೆ ಬಂದಿದೆ. ಜಗಳೂರಿನ ಮಳೆಯಾಶ್ರಿತ ಹೊಲಗಳಲ್ಲಿ ದುಡಿಯುವವರ ಸೊಂಟದಲ್ಲಿಯೂ ಎಲೆಯಡಿಕೆಯ ಚೀಲವುಂಟು. ಆದರೆ ತಂಬಾಕು ಬೆರೆಯದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದೆ. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು. ಮರ್ಯಾದೆಯ ಹೆಸರಿನಲ್ಲಿ ಬಂದ ತಾಂಬೂಲವನ್ನು ನಾವೂ ನೆಂಟನೆಂದೇ ಬರಮಾಡಿಕೊಂಡೆವು, ಬಿಟ್ಟದ್ದು ತಡವಾಗಿ. ತೋಟವನ್ನು ಕಡಿಯಿರೆಂದು ಹೇಳುವ ಧೈರ್ಯ ನಮಗಿಲ್ಲ. ಜಗಿಯುವುದನ್ನು ಬಿಡಿರೆಂದು ಹೇಳದಿದ್ದರೆ ಮಾತ್ರ ಅದು ದ್ರೋಹವಾದೀತು.

ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಬಿಳಿಯ ಇಲ್ಲವೆ ಕೆಂಪು ಮಚ್ಚೆ, ಬಾಯಿ ತೆರೆಯಲಾಗದ ಬಿಗಿತ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿರಿ. ಅವರು ಹೇಳಿದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೂ ಹೋಗಲು ಅಂಜದಿರಿ. ಬೇಗನೆ ಪತ್ತೆಯಾದ ಬಾಯಿಯ ಕ್ಯಾನ್ಸರ್ ಬಹಳಷ್ಟು ಸಲ ಗುಣವಾಗುತ್ತದೆ.

ಆ ತಾಯಿಗೆ ನಾವು ಹೇಳಿದ್ದೂ ಇಷ್ಟೇ: ದೂರವಿಡಬೇಕಾದುದು ಮೊದಲು ಎಲೆಯಡಿಕೆಯ ತಟ್ಟೆ, ಸಕ್ಕರೆಯ ಡಬ್ಬಿಯಲ್ಲ. ಮನೆಯವರ ಬಾಯನ್ನು ಒಮ್ಮೆ ಬೆಳಕಿನಲ್ಲಿ ನೋಡಿರಿ, ತಾಯಿ.